ರೋಸ್ ಪರವಾಗಿ ನಿಂತವರು: ಕೆಲ್ಲಿ ಮೇರಿ ಟ್ರಾನ್ ಪ್ರಕರಣ

2018ರ ಜೂನ್ ಮೊದಲ ವಾರ. ಅಮೆರಿಕದ ನಟಿ ಕೆಲ್ಲಿ ಮೇರಿ ಟ್ರಾನ್ ಅವರ ಇನ್‌ಸ್ಟಾಗ್ರಾಂ ಪುಟ ತೆರೆದವರಿಗೆ ಒಂದೂ ಫೋಟೋ ಕಾಣಲಿಲ್ಲ. ಹಾಕಿದ್ದನ್ನೆಲ್ಲ ಅವರು ಅಳಿಸಿಬಿಟ್ಟಿದ್ದರು. ಹೆಸರಿನ ಕೆಳಗೆ ಒಂದು ಸಾಲು ಮಾತ್ರ ಉಳಿದಿತ್ತು. ಹೆದರಿಕೆ ಇದೆ, ಆದರೂ ಮಾಡ್ತಿದ್ದೀನಿ ಅನ್ನೋ ಅರ್ಥದ ಸಾಲು.

ಅದಕ್ಕೆ ಆರು ತಿಂಗಳ ಮುಂಚೆ, 2017ರ ಡಿಸೆಂಬರ್ 15ರಂದು, ಅವರ ಮೊದಲ ದೊಡ್ಡ ಸಿನಿಮಾ ತೆರೆಗೆ ಬಂದಿತ್ತು. 'ಸ್ಟಾರ್ ವಾರ್ಸ್: ದ ಲಾಸ್ಟ್ ಜೆಡೈ', ಬಾಹ್ಯಾಕಾಶದಲ್ಲಿ ನಡೆಯುವ ಕತೆಗಳ ಸಾಲಿನದು. ಜಗತ್ತಿನಾದ್ಯಂತ 130 ಕೋಟಿ ಡಾಲರ್‌ಗಿಂತ ಜಾಸ್ತಿ ಗಳಿಸಿದ ಸಿನಿಮಾ ಅದು. ಅದರಲ್ಲಿ ರೋಸ್ ಟಿಕೋ ಅನ್ನೋ ಪಾತ್ರ ಅವರದು. ಸ್ಟಾರ್ ವಾರ್ಸ್ ಸಿನಿಮಾದಲ್ಲಿ ಮುಖ್ಯ ಪಾತ್ರ ಸಿಕ್ಕ ಮೊದಲ ಬಿಳಿಯೇತರ ಮಹಿಳೆ ಅವರೇ. ಅಂಥ ಗೆಲುವಿನ ಆರೇ ತಿಂಗಳಿಗೆ ಅವರು ಎಲ್ಲವನ್ನೂ ಅಳಿಸಿ ಹೊರಟುಹೋದರು.

ಯಾಕೆ ಅಂತ ಆಗ ಅವರು ಹೇಳಲಿಲ್ಲ. ಹೇಳದಿದ್ದರೂ ನೋಡುತ್ತಿದ್ದವರಿಗೆಲ್ಲ ಗೊತ್ತಿತ್ತು. ಅವರ ಪ್ರತಿ ಫೋಟೋದ ಕೆಳಗೆ ಬೈಗುಳ ಬೀಳುತ್ತಿತ್ತು. ಮೈಕಟ್ಟಿನ ಬಗ್ಗೆ, ಮುಖದ ಬಗ್ಗೆ, ಕಣ್ಣಿನ ಬಗ್ಗೆ, ಹುಟ್ಟಿದ ಮನೆತನದ ಬಗ್ಗೆ.

ಅವರ ಪರವಾಗಿ ಅಭಿಮಾನಿಗಳು ಎದ್ದು ನಿಂತರು. ಅದರ ಕತೆಯೇ ಈ ಬರಹ. ಅವರು ಏನೇನು ಮಾಡಿದರು, ಯಾವುದು ಆ ನಟಿಯನ್ನು ಮುಟ್ಟಿತು, ಯಾವುದು ಅವರ ಕೈಯಲ್ಲಿ ಇರಲಿಲ್ಲ, ಮತ್ತು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಅವರು ಎದ್ದು ನಿಂತಿದ್ದು ಯಾವಾಗ.

ಮೊದಲು ಆ ಮನೆ

ಕೆಲ್ಲಿಯನ್ನು ವಲಸೆ ಬಂದವರು ಅಂತ ಕರೆಯೋದು ದಾಖಲೆ ಪ್ರಕಾರ ತಪ್ಪು. ಅವರು ಹುಟ್ಟಿದ್ದು 1989ರಲ್ಲಿ, ಅಮೆರಿಕದ ಸ್ಯಾನ್ ಡಿಯೇಗೋ ಊರಲ್ಲಿ. ವಲಸೆ ಬಂದವರು ಅಪ್ಪ ಅಮ್ಮ. ಯುದ್ಧದ ನಂತರ ವಿಯೆಟ್ನಾಂ ಬಿಟ್ಟು ಬಂದ ನಿರಾಶ್ರಿತರು. 1975ರ ಏಪ್ರಿಲ್‌ನಲ್ಲಿ ಸೈಗಾನ್ ಬಿದ್ದಾಗ ಸಾವಿರಾರು ಜನ ಹೀಗೆ ಹೊರಟರು. ಅಮೆರಿಕ ಅವರಿಗಾಗಿ ತೆರೆದ ಮೊದಲ ಶಿಬಿರಗಳಲ್ಲಿ ಒಂದು ಕ್ಯಾಂಪ್ ಪೆಂಡಲ್ಟನ್. ಅದು ಇರೋದು ಸ್ಯಾನ್ ಡಿಯೇಗೋ ಸೀಮೆಯಲ್ಲೇ. ಆ ಭಾಗದಲ್ಲಿ ಇವತ್ತಿಗೂ ವಿಯೆಟ್ನಾಂ ಮೂಲದ ಕುಟುಂಬಗಳು ಬಹಳ.

ಕೆಲ್ಲಿಯ ಅಪ್ಪ ಚಿಕ್ಕವರಿದ್ದಾಗ ವಿಯೆಟ್ನಾಂನಲ್ಲಿ ಬೀದಿಯಲ್ಲಿ ಬದುಕಿದವರು. ಅಮೆರಿಕಕ್ಕೆ ಬಂದ ಮೇಲೆ ಬರ್ಗರ್ ಕಿಂಗ್‌ನಲ್ಲಿ ವರ್ಷಗಟ್ಟಲೆ ದುಡಿದರು. ಅಮ್ಮ ಶವಸಂಸ್ಕಾರ ನಡೆಸಿಕೊಡುವ ಕಡೆ ಕೆಲಸಕ್ಕಿದ್ದರು. ಮಗಳು ಓದಿ, ಲಾಸ್ ಏಂಜಲೀಸ್‌ನಲ್ಲಿ ಆಫೀಸ್ ಕೆಲಸ ಮಾಡುತ್ತಾ, ಬಿಡುವು ಸಿಕ್ಕಾಗ ಆಡಿಷನ್‌ಗಳಿಗೆ ಓಡುತ್ತಾ ಇದ್ದರು. ಸ್ಟಾರ್ ವಾರ್ಸ್ ಆಡಿಷನ್ ತಿಂಗಳುಗಟ್ಟಲೆ ನಡೆಯಿತು. ಪಾತ್ರ ಸಿಕ್ಕಿದಾಗ ಅದನ್ನು ಮನೆಯಲ್ಲೂ ಹೇಳುವ ಹಾಗಿರಲಿಲ್ಲ. ಕೆನಡಾದಲ್ಲಿ ಒಂದು ಸಣ್ಣ ಸಿನಿಮಾ ಶೂಟಿಂಗ್ ಇದೆ ಅಂತ ಹೇಳಿ ಹೊರಟರು. ಅನುಮಾನ ಬರಬಾರದು ಅಂತ ವಾಪಸ್ ಬರುವಾಗ ಮನೆಗೆ ಕೆನಡಾದ ಮೇಪಲ್ ಸಿರಪ್ ತಂದುಕೊಟ್ಟರಂತೆ. ಈ ಸಣ್ಣ ಸಂಗತಿ ನನಗೆ ತುಂಬಾ ಇಷ್ಟ. ಅಷ್ಟೊಂದು ಖುಷಿಯನ್ನು ಹೊಟ್ಟೆಯಲ್ಲಿ ಬಚ್ಚಿಟ್ಟುಕೊಂಡು ಮನೆಯವರ ಮುಂದೆ ಕೂತಿದ್ದ ಆ ಮಗಳನ್ನು ಒಮ್ಮೆ ನೆನೆಸಿಕೊಳ್ಳಿ.

ಹೀಗೆ ಸ್ಯಾನ್ ಡಿಯೇಗೋದಲ್ಲೇ ಹುಟ್ಟಿ ಬೆಳೆದ ಈಕೆಗೆ ಬಂದ ಬೈಗುಳದ ಸಾರ ಒಂದೇ. ನೀನು ಇಲ್ಲಿಯವಳಲ್ಲ.

ಟೀಕೆ ಎಲ್ಲಿ ಮುಗಿಯಿತು

ಇಲ್ಲಿ ಒಂದು ಮಾತು ಸರಿಯಾಗಿ ಹೇಳಬೇಕು. ಈ ಸಿನಿಮಾ ಬಹಳ ಜನರಿಗೆ ಇಷ್ಟ ಆಗಲಿಲ್ಲ. ವಿಮರ್ಶಕರು ಹೊಗಳಿದರು, ಪ್ರೇಕ್ಷಕರಲ್ಲಿ ದೊಡ್ಡ ಒಡಕು ಬಂತು. ಹಳೆಯ ಸಿನಿಮಾಗಳ ನಾಯಕ ಲ್ಯೂಕ್ ಸ್ಕೈವಾಕರ್ ಪಾತ್ರವನ್ನು ನಿರ್ದೇಶಕ ರಯಾನ್ ಜಾನ್ಸನ್ ತೋರಿಸಿದ ರೀತಿ ಹಳೆಯ ಅಭಿಮಾನಿಗಳಿಗೆ ನೋವು ತಂದಿತ್ತು. ರೋಸ್ ಮತ್ತು ಅವಳ ಜೊತೆಗಾರ ಫಿನ್ ಜೂಜಿನ ಊರಿಗೆ ಹೋಗುವ ಭಾಗ ಉದ್ದ ಆಯಿತು, ಕತೆಯನ್ನು ಮುಂದಕ್ಕೆ ತಳ್ಳಲಿಲ್ಲ ಅಂತ ಹಲವರು ಬರೆದರು. ನಾನು ಬೆಂಗಳೂರಿನಲ್ಲಿ ಮೊದಲ ವಾರವೇ ನೋಡಿದ್ದೆ. ಆ ಭಾಗ ನನಗೂ ಎಳೆದ ಹಾಗೆ ಅನಿಸಿತ್ತು. ಈಗಲೂ ಹಾಗೇ ಅನಿಸುತ್ತೆ.

ಇದೆಲ್ಲ ಟೀಕೆ. ಟಿಕೆಟ್ ತಗೊಂಡು ನೋಡಿದವರು ಹೇಳಬಹುದಾದ ಮಾತು. ಕತೆ ಬರೆದವರು, ತೆಗೆದವರು ಕೇಳಿಸಿಕೊಳ್ಳಬೇಕಾದ ಮಾತು.

ಕೆಲ್ಲಿಗೆ ಹೋಗಿದ್ದು ಇದಲ್ಲ. ಅಭಿಮಾನಿಗಳೇ ಸೇರಿ ಬರೆಯುವ ವೂಕಿಪೀಡಿಯ ಅನ್ನೋ ವಿಶ್ವಕೋಶ ಇದೆ. ಸ್ಟಾರ್ ವಾರ್ಸ್ ಲೋಕದ ಪ್ರತಿ ಗ್ರಹ, ಪ್ರತಿ ಹಡಗು, ಪ್ರತಿ ಪಾತ್ರಕ್ಕೂ ಅಲ್ಲಿ ಒಂದು ಪುಟ ಇರುತ್ತೆ. ಸಿನಿಮಾ ಬಂದ ತಿಂಗಳಲ್ಲೇ ಯಾರೋ ರೋಸ್ ಪುಟಕ್ಕೆ ನುಗ್ಗಿದರು. ಪಾತ್ರದ ಹೆಸರನ್ನೇ ಕಿತ್ತುಹಾಕಿ, ಏಷ್ಯಾದವರ ಮಾತನ್ನು ಅಣಕಿಸುವ ಶಬ್ದಗಳನ್ನು ಅದರ ಜಾಗಕ್ಕೆ ತುಂಬಿದರು. ಇದರಲ್ಲಿ ಕತೆಯ ಬಗ್ಗೆ ಒಂದು ಮಾತೂ ಇಲ್ಲ. ಚಿತ್ರಕತೆ ಬರೆದವರು ಜಾನ್ಸನ್. ಜೂಜಿನ ಊರಿಗೆ ಕಳಿಸಿದವರು ಜಾನ್ಸನ್. ಬೈಗುಳದ ಪಾಲು ಅವರಿಗೂ ಸಿಕ್ಕಿತು, ನಿಜ. ಆದರೆ ಅವರ ಮೂಗು, ಕಣ್ಣು, ಅಪ್ಪ ಅಮ್ಮನ ಊರು ಯಾರಿಗೂ ಬೇಕಾಗಿರಲಿಲ್ಲ.

ಟೀಕೆಯ ಗೆರೆ ಎಲ್ಲಿ ಮುಗಿಯುತ್ತೆ ಅಂತ ಆಗಾಗ ಚರ್ಚೆ ನಡೆಯುತ್ತೆ, ಬಹಳ ಕಷ್ಟದ ಪ್ರಶ್ನೆ ಅನ್ನೋ ಹಾಗೆ. ಈ ಪ್ರಕರಣದಲ್ಲಿ ಅದು ಕಷ್ಟವೇ ಅಲ್ಲ. ಪಾತ್ರವನ್ನು ಬೇರೆ ಯಾರಾದರೂ ಮಾಡಿದ್ದರೂ ಅದೇ ಮಾತು ಹೇಳುತ್ತಿದ್ದರಾ? ಹೌದಾದರೆ ಅದು ಟೀಕೆ. ಇಲ್ಲ ಅಂದರೆ ಅದು ಆ ಮನುಷ್ಯಳ ಮೇಲೆ ಎಸೆದ ಕಲ್ಲು.

ಆರು ತಿಂಗಳು

ಡಿಸೆಂಬರ್‌ನಿಂದ ಜೂನ್. ನನ್ನನ್ನು ಹೆಚ್ಚು ಕಾಡುವುದು ಈ ನಡುವಿನ ದಿನಗಳು.

ಬೈಗುಳ ಎಲ್ಲರಿಗೂ ಕಾಣುತ್ತಿತ್ತು. ಅದು ಗುಟ್ಟಾಗಿ ಕಳಿಸಿದ ಪತ್ರ ಅಲ್ಲ. ಫೋಟೋ ಕೆಳಗೆ ಬಹಿರಂಗವಾಗಿ ಬಿದ್ದಿರುತ್ತಿತ್ತು. ಆ ಸಿನಿಮಾ ಇಷ್ಟಪಟ್ಟವರು ಲಕ್ಷಾಂತರ ಜನ ಇದ್ದರು. ರೋಸ್ ಪಾತ್ರ ಇಷ್ಟಪಟ್ಟವರೂ ಇದ್ದರು, ಅದರಲ್ಲೂ ತಮ್ಮ ಹಾಗೆ ಕಾಣುವ ಒಬ್ಬಳನ್ನು ಮೊದಲ ಸಲ ಆ ಲೋಕದಲ್ಲಿ ನೋಡಿದ ಏಷ್ಯಾ ಮೂಲದ ಹೆಣ್ಣುಮಕ್ಕಳು. ಅವರಲ್ಲಿ ಕೆಲವರು ಆಗಲೇ ಪ್ರೀತಿಯ ಮಾತು ಬರೆದಿದ್ದರು. ಉಳಿದವರು ಬಹುಪಾಲು ಸುಮ್ಮನಿದ್ದರು. ನಾನೂ ಸುಮ್ಮನಿದ್ದೆ. ನೋಡಿದೆ, ಬೇಸರವಾಯಿತು, ಬೆರಳಿಂದ ಮೇಲಕ್ಕೆ ತಳ್ಳಿ ಮುಂದಕ್ಕೆ ಹೋದೆ.

ಸುಮ್ಮನಿರೋದಕ್ಕೆ ಆಗ ಎಲ್ಲರ ಹತ್ತಿರ ಒಂದು ಕಾರಣ ಇತ್ತು. ಟ್ರೋಲ್‌ಗಳಿಗೆ ಉತ್ತರ ಕೊಟ್ಟರೆ ಅವರಿಗೆ ಇನ್ನೂ ಹುಮ್ಮಸ್ಸು ಬರುತ್ತೆ, ಅವರನ್ನು ಕಡೆಗಣಿಸಬೇಕು ಅಂತ. ಈ ಬುದ್ಧಿಮಾತು ಸುಳ್ಳಲ್ಲ. ಆದರೆ ಅದನ್ನು ನಾವು ಅರ್ಧ ಮಾತ್ರ ಪಾಲಿಸಿದೆವು. ಬೈದವರಿಗೆ ಉತ್ತರ ಕೊಡಲಿಲ್ಲ, ಸರಿ. ಬೈಸಿಕೊಂಡವರ ಹತ್ತಿರವೂ ಮಾತಾಡಲಿಲ್ಲ. ಮನೆ ಮುಂದೆ ಯಾರೋ ಕೂಗಾಡುತ್ತಿದ್ದರೆ ಅವರ ಜೊತೆ ಜಗಳಕ್ಕೆ ಇಳಿಯದೇ ಇರಬಹುದು. ಆದರೆ ಒಳಗಿರುವವರ ಹತ್ತಿರ ಹೋಗಿ ನಾವಿದ್ದೀವಿ ಅನ್ನೋದಕ್ಕೆ ಯಾರ ಅಡ್ಡಿ ಇತ್ತು?

ಕೆಲ್ಲಿ ಕಡೆಯಿಂದ ನೋಡಿದರೆ ಲೆಕ್ಕ ಸುಲಭ. ಬೈಯುವವರು ದಿನಾ ಬರುತ್ತಾರೆ. ಮೆಚ್ಚಿದವರು ಸಿನಿಮಾ ನೋಡಿ ಮನೆಗೆ ಹೋಗುತ್ತಾರೆ. ಫೋನ್ ತೆರೆದಾಗ ಕಾಣೋದು ಬೈಯುವವರೇ.

ಜೂನ್‌ನಲ್ಲಿ ಆಗಿದ್ದು

ಪುಟ ಖಾಲಿಯಾದ ಸುದ್ದಿ ಒಂದೇ ದಿನದಲ್ಲಿ ಎಲ್ಲ ಕಡೆ ಹಬ್ಬಿತು. ಆಗ ತಡೆದಿಟ್ಟ ನೀರು ಬಿಟ್ಟ ಹಾಗಾಯಿತು.

ಮೊದಲು ಬಂದವರು ಸಿನಿಮಾದವರೇ. ರಯಾನ್ ಜಾನ್ಸನ್ ಜೂನ್ 5ರಂದು ಬರೆದರು. ಸಾಮಾಜಿಕ ಜಾಲತಾಣದಲ್ಲಿ ಕೆಲವೇ ಮಂದಿ ಗೋಡೆಯ ಮೇಲೆ ದೊಡ್ಡ ನೆರಳು ಬೀಳಿಸಬಲ್ಲರು, ಆದರೆ ತಾವು ಕಂಡ ನಿಜವಾದ ಅಭಿಮಾನಿಗಳು ಇಷ್ಟ ಆದದ್ದನ್ನೂ ಆಗದ್ದನ್ನೂ ಪ್ರೀತಿ, ಮರ್ಯಾದೆಯಿಂದಲೇ ಹೇಳುತ್ತಾರೆ ಅನ್ನೋದು ಅವರ ಮಾತಿನ ತಿರುಳು. ಲ್ಯೂಕ್ ಪಾತ್ರದ ಮಾರ್ಕ್ ಹ್ಯಾಮಿಲ್, ಕೆಲ್ಲಿ ಜೊತೆಗಿನ ತಮ್ಮ ಫೋಟೋ ಹಾಕಿದರು. ಇವರನ್ನು ಪ್ರೀತಿಸದೇ ಇರೋದಕ್ಕೆ ಏನಿದೆ ಅಂತ ಕೇಳಿದರು. ಇದರ ತೂಕ ಬೇರೆಯೇ. ಹ್ಯಾಮಿಲ್ ಅವರೇ ಈ ಸಿನಿಮಾದಲ್ಲಿ ಲ್ಯೂಕ್ ಸಾಗಿದ ದಾರಿಯನ್ನು ಒಪ್ಪಲು ಕಷ್ಟಪಟ್ಟವರು, ಅದನ್ನು ಬಹಿರಂಗವಾಗಿ ಹೇಳಿದವರು. ಬೈಯುತ್ತಿದ್ದವರು ಅವರನ್ನು ತಮ್ಮ ಕಡೆಯವರು ಅಂದುಕೊಂಡಿದ್ದರು. ಅವರು ಕೆಲ್ಲಿ ಪಕ್ಕ ನಿಂತಾಗ, ಸಿನಿಮಾ ಬಗ್ಗೆ ತಕರಾರು ಇಟ್ಟುಕೊಂಡೂ ನಟಿಯ ಪರ ನಿಲ್ಲಬಹುದು ಅನ್ನೋದು ಎಲ್ಲರಿಗೂ ಕಂಡಿತು.

ಜಾನ್ ಬೊಯೆಗಾ ಮಾತು ಇನ್ನೂ ನೇರ. ಅವರು ಫಿನ್ ಪಾತ್ರ ಮಾಡಿದ ನಟ, ನೈಜೀರಿಯಾದಿಂದ ಲಂಡನ್‌ಗೆ ವಲಸೆ ಬಂದ ಕುಟುಂಬದ ಮಗ. 2014ರಲ್ಲಿ ಹಿಂದಿನ ಸಿನಿಮಾದ ಮೊದಲ ಟೀಸರ್‌ನಲ್ಲಿ ಅವರ ಮುಖ ಕಂಡ ಕೂಡಲೇ ಕಪ್ಪು ಸೈನಿಕ ಯಾಕೆ ಅನ್ನೋ ಗಲಾಟೆ ಎದ್ದಿತ್ತು. ಹಾಗಾಗಿ ಈ ದಾರಿ ಅವರಿಗೆ ಹೊಸದಲ್ಲ. ಪಾತ್ರ ಇಷ್ಟ ಆಗದಿದ್ದರೆ ತೀರ್ಮಾನ ತೆಗೆದುಕೊಳ್ಳುವವರು ಬೇರೆ ಇದ್ದಾರೆ, ನಟರನ್ನು ಕಾಡಿದರೆ ಏನೂ ಬದಲಾಗಲ್ಲ ಅಂದರು. ಒರಟಾಗಿ ಬಂದರೆ ಮರ್ಯಾದೆ ನಿರೀಕ್ಷಿಸಬೇಡಿ, ಟಿಕೆಟ್‌ಗೆ ದುಡ್ಡು ಕೊಟ್ಟಿದ್ದರೂ ಸರಿ ಅಂತಲೂ ಸೇರಿಸಿದರು.

ಆಮೇಲೆ ಅಭಿಮಾನಿಗಳು. ಅವರು ಚಿತ್ರ ಬರೆದರು.

ರೋಸ್‌ಗಾಗಿ ಅಭಿಮಾನಿ ಚಿತ್ರ ಅನ್ನೋ ಅರ್ಥದ ಒಂದು ಹ್ಯಾಶ್‌ಟ್ಯಾಗ್ ಶುರುವಾಯಿತು. ಪೆನ್ಸಿಲ್‌ನಲ್ಲಿ, ಜಲವರ್ಣದಲ್ಲಿ, ಟ್ಯಾಬ್ಲೆಟ್ ಮೇಲೆ, ವೃತ್ತಿಪರ ಕಲಾವಿದರು, ಶಾಲೆಯ ಮಕ್ಕಳು, ಎಲ್ಲರೂ ರೋಸ್ ಬರೆದರು. ನೀವು ಆ ಸಿನಿಮಾ ನೋಡಿರದಿದ್ದರೆ ಒಂದು ಮಾತು: ರೋಸ್ ರಾಜಕುಮಾರಿ ಅಲ್ಲ, ಯೋಧೆಯೂ ಅಲ್ಲ. ಹಡಗಿನ ಪೈಪು, ತಂತಿ ರಿಪೇರಿ ಮಾಡುವ ಕೆಲಸದವಳು. ಮೈಮೇಲೆ ಕೊಳೆಯಾದ ಮೇಲಂಗಿ, ಕೊರಳಲ್ಲಿ ಅರ್ಧಚಂದ್ರದ ಪದಕ. ಅದರ ಜೋಡಿ ಪದಕ ಅಕ್ಕನ ಹತ್ತಿರ ಇತ್ತು. ಆ ಅಕ್ಕ ಸಿನಿಮಾದ ಮೊದಲ ದೃಶ್ಯದಲ್ಲೇ ಬಾಂಬ್ ಹಾಕಲು ಹೋಗಿ ಸಾಯುತ್ತಾಳೆ. ರೋಸ್‌ಳನ್ನು ನಾವು ಮೊದಲು ನೋಡೋದು ಒಂದು ಮೂಲೆಯಲ್ಲಿ ಒಬ್ಬಳೇ ಅಳುತ್ತಾ ಕೂತಾಗ. ಅಭಿಮಾನಿಗಳು ಬರೆದ ಚಿತ್ರಗಳಲ್ಲಿ ಅವಳು ನಗುತ್ತಿದ್ದಳು, ಅಕ್ಕನ ಪಕ್ಕ ಕೂತಿದ್ದಳು, ಕೈಯಲ್ಲಿ ಸ್ಪ್ಯಾನರ್ ಹಿಡಿದಿದ್ದಳು.

ಸಿನಿಮಾದ ಕೊನೆಯ ಹೊತ್ತಿಗೆ ರೋಸ್ ಒಂದು ಮಾತು ಹೇಳುತ್ತಾಳೆ. ದ್ವೇಷಿಸುವುದರ ವಿರುದ್ಧ ಹೋರಾಡಿ ನಾವು ಗೆಲ್ಲಲ್ಲ, ಪ್ರೀತಿಸುವುದನ್ನು ಉಳಿಸಿಕೊಂಡು ಗೆಲ್ಲುತ್ತೀವಿ ಅಂತ. ಆ ಸಾಲನ್ನು ಹಲವರು ಗೇಲಿ ಮಾಡಿದ್ದರು. ಚಿತ್ರ ಬರೆದವರು ಅದನ್ನೇ ತಮ್ಮ ಕೆಲಸದ ಕ್ರಮ ಮಾಡಿಕೊಂಡರು. ಬೈದವರ ಹೆಸರು ಅವರ ಚಿತ್ರಗಳಲ್ಲಿ ಎಲ್ಲೂ ಇರಲಿಲ್ಲ. ಬೈಗುಳದ ಸ್ಕ್ರೀನ್‌ಶಾಟ್ ಹಂಚಿ ನೋಡಿ ಎಂಥ ಜನ ಅನ್ನಲಿಲ್ಲ. ನನ್ನ ಪ್ರಕಾರ ಇದೇ ಇಡೀ ಪ್ರಕರಣದಲ್ಲಿ ಅಭಿಮಾನಿಗಳು ಮಾಡಿದ ಅತ್ಯಂತ ಸರಿಯಾದ ಕೆಲಸ. ಸ್ಕ್ರೀನ್‌ಶಾಟ್ ಹಂಚಿದಾಗ ಏನಾಗುತ್ತೆ ಅಂತ ಯೋಚಿಸಿ. ಒಬ್ಬನ ಬೈಗುಳ ಹತ್ತು ಸಾವಿರ ಜನಕ್ಕೆ ಮುಟ್ಟುತ್ತೆ. ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಆ ನಟಿ ಮತ್ತೆ ಅದನ್ನೇ ಓದಬೇಕಾಗುತ್ತೆ. ಚಿತ್ರ ಹಂಚಿದರೆ ಹ್ಯಾಶ್‌ಟ್ಯಾಗ್ ಒತ್ತಿದವರಿಗೆಲ್ಲ ಬರೀ ರೋಸ್ ಕಾಣುತ್ತಾಳೆ.

ಜುಲೈನಲ್ಲಿ ಕಾಮಿಕ್ಸ್, ಸಿನಿಮಾ ಅಭಿಮಾನಿಗಳು ಸೇರುವ ಕಾಮಿಕ್-ಕಾನ್ ಉತ್ಸವ ಬಂತು. ಅಲ್ಲಿ ರೋಸ್ ವೇಷ ಹಾಕಿಕೊಂಡ ಅಭಿಮಾನಿಗಳು ಒಂದೆಡೆ ಸೇರಿದರು. ಅದೇ ಮೇಲಂಗಿ, ಅದೇ ಪದಕ. ಉತ್ಸವ ನಡೆಯೋದು ಸ್ಯಾನ್ ಡಿಯೇಗೋದಲ್ಲಿ, ಕೆಲ್ಲಿ ಹುಟ್ಟಿದ ಊರಲ್ಲಿ. ನೀನು ಇಲ್ಲಿಯವಳಲ್ಲ ಅನ್ನಿಸಿಕೊಂಡವರ ಸ್ವಂತ ಊರಲ್ಲಿ ಅಷ್ಟೊಂದು ಜನ ಅವರ ಪಾತ್ರದ ಬಟ್ಟೆ ಹೊಲಿಸಿಕೊಂಡು ಬಂದು ನಿಂತಿದ್ದರು.

ಎಲ್ಲವೂ ಚೆನ್ನಾಗಿತ್ತು ಅಂತ ಹೇಳಲಾರೆ. ಪರವಾಗಿ ಬಂದವರಲ್ಲೂ ಕೆಲವರು ಹದ ತಪ್ಪಿದರು. ಸಿನಿಮಾ ಇಷ್ಟ ಆಗಲಿಲ್ಲ ಅಂದವರನ್ನೆಲ್ಲ ಒಂದೇ ಗುಂಪಿಗೆ ಸೇರಿಸಿ ಜನಾಂಗದ್ವೇಷಿ ಅಂದರು. ಅದರಿಂದ ನಷ್ಟ ಆಗಿದ್ದು ಕೆಲ್ಲಿಗೇ. ಅವರ ಪರ ನಿಲ್ಲಬಹುದಾಗಿದ್ದ ಎಷ್ಟೋ ಜನ, ಜೂಜಿನ ಊರಿನ ದೃಶ್ಯದ ಬಗ್ಗೆ ಗೊಣಗಿದ್ದಕ್ಕೆ ಬೈಸಿಕೊಂಡು ದೂರ ಸರಿದರು.

ಬೈದವರು ಯಾರು

ಆ ವರ್ಷದ ಅಕ್ಟೋಬರ್‌ನಲ್ಲಿ ಮಾರ್ಟನ್ ಬೇ ಅನ್ನೋ ಸಂಶೋಧಕರು ಒಂದು ಅಧ್ಯಯನ ಹೊರತಂದರು. ಸಿನಿಮಾ ಬಂದ ಮೇಲಿನ ತಿಂಗಳುಗಳಲ್ಲಿ ರಯಾನ್ ಜಾನ್ಸನ್ ಅವರಿಗೆ ನೇರವಾಗಿ ಬರೆದ ಟ್ವೀಟ್‌ಗಳನ್ನು, ಸಾವಿರಕ್ಕೆ ಸ್ವಲ್ಪ ಕಡಿಮೆ, ಒಂದೊಂದಾಗಿ ನೋಡಿದ್ದರು. ಸಿನಿಮಾವನ್ನು ತೆಗಳಿದವು ಸುಮಾರು ಐದರಲ್ಲಿ ಒಂದು ಮಾತ್ರ. ಆ ತೆಗಳಿದವರಲ್ಲಿ ಅರ್ಧದಷ್ಟು ಖಾತೆಗಳು ರಾಜಕೀಯ ಉದ್ದೇಶದವು, ಇಲ್ಲವೇ ಮನುಷ್ಯರೇ ಅಲ್ಲದ ಬಾಟ್‌ಗಳು ಇರಬಹುದು ಅಂತ ಅವರ ಲೆಕ್ಕ.

ಈ ಅಂಕಿ ಬಂದಾಗ ಅನೇಕರು ನಿಟ್ಟುಸಿರು ಬಿಟ್ಟರು. ನೋಡಿ, ಅವರು ನಮ್ಮವರಲ್ಲ, ಬರೀ ಬಾಟ್‌ಗಳು ಅಂತ. ನಾನು ಅಷ್ಟು ಬೇಗ ಸಮಾಧಾನ ಮಾಡಿಕೊಳ್ಳಲಾರೆ. ಆ ಅಧ್ಯಯನ ನೋಡಿದ್ದು ನಿರ್ದೇಶಕರಿಗೆ ಬಂದ ಟ್ವೀಟ್‌ಗಳನ್ನು, ಕೆಲ್ಲಿಯ ಇನ್‌ಸ್ಟಾಗ್ರಾಂ ಅನ್ನಲ್ಲ. ಉಳಿದ ಅರ್ಧ ಮನುಷ್ಯರೇ ತಾನೇ. ಬೈದವರೂ ತಮ್ಮನ್ನು ಅಭಿಮಾನಿಗಳು ಅಂತಲೇ ಕರೆದುಕೊಂಡಿದ್ದರು. ಕನ್ನಡದವರಿಗೆ ಆ ಪದದ ತೂಕ ಚೆನ್ನಾಗಿ ಗೊತ್ತು. ಡಾ. ರಾಜಕುಮಾರ್ ಅಭಿಮಾನಿಗಳನ್ನು ದೇವರು ಅಂತ ಕರೆದ ನಾಡು ನಮ್ಮದು. ಇದು ನಮ್ಮ ಸಿನಿಮಾ, ನಮ್ಮ ಬಾಲ್ಯ ಅನ್ನೋ ಹಕ್ಕಿನ ಮಾತು ಎರಡು ಕಡೆಯೂ ಇತ್ತು. ಒಂದು ಕಡೆಯವರಿಗೆ ಆ 'ನಮ್ಮ' ಅನ್ನೋದು ಬಾಗಿಲು ಮುಚ್ಚುವ ಪದ ಆಗಿತ್ತು, ಅಷ್ಟೇ.

ಆದರೂ ಆ ಅಂಕಿಯಿಂದ ಒಂದು ಉಪಯೋಗ ಇದೆ. ಬೈಯುವವರು ಕಡಿಮೆ ಜನ, ಸದ್ದು ಜಾಸ್ತಿ. ಜಾನ್ಸನ್ ಹೇಳಿದ ಗೋಡೆಯ ನೆರಳು ಇದೇ. ಉಳಿದ ಬಹುಪಾಲು ಜನ ಒಂದೊಂದು ಸಾಲು ಬರೆದಿದ್ದರೂ ಆ ಕಾಮೆಂಟ್‌ಗಳ ಬಣ್ಣವೇ ಬದಲಾಗುತ್ತಿತ್ತು. ಡಿಸೆಂಬರ್‌ನಲ್ಲೇ ಬದಲಾಗುತ್ತಿತ್ತು.

ಅವರೇ ಬರೆದಾಗ

ಆಗಸ್ಟ್ 21ರಂದು ಕೆಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಒಂದು ಲೇಖನ ಬರೆದರು. ಅಲ್ಲಿಯವರೆಗೆ ಎಲ್ಲರೂ ಅವರ ಬಗ್ಗೆ ಮಾತಾಡಿದ್ದರು, ಈಗ ಅವರ ಮಾತು.

ಅದರಲ್ಲಿ ನನ್ನನ್ನು ನಿಲ್ಲಿಸಿದ್ದು ಮೊದಲ ಭಾಗವೇ. ನೋವಾಗಿದ್ದು ಆ ಜನರ ಮಾತಿನಿಂದಲ್ಲ, ನಾನೇ ಅದನ್ನು ನಂಬಲು ಶುರು ಮಾಡಿದ್ದರಿಂದ ಅನ್ನುತ್ತಾರೆ. ಆ ಮಾತುಗಳು ಹೊಸದಾಗಿ ಏನೂ ಹೇಳಲಿಲ್ಲ. ಹುಟ್ಟಿದಾಗಿನಿಂದ ಕೇಳಿದ್ದನ್ನೇ ಗಟ್ಟಿ ಮಾಡಿದವು. ಒಂಬತ್ತನೇ ವಯಸ್ಸಿನಲ್ಲಿ ಅವರು ವಿಯೆಟ್ನಾಮೀಸ್ ಮಾತಾಡುವುದನ್ನೇ ಬಿಟ್ಟುಬಿಟ್ಟರಂತೆ, ಬೇರೆ ಮಕ್ಕಳು ಅಣಕಿಸುತ್ತಾರೆ ಅಂತ. ಹದಿನೇಳನೇ ವಯಸ್ಸಿನಲ್ಲಿ ಬಿಳಿಯ ಗೆಳೆಯ, ಅವನ ಮನೆಯವರ ಜೊತೆ ಹೋಟೆಲ್‌ಗೆ ಹೋಗಿದ್ದರು. ಸ್ಪಷ್ಟ ಇಂಗ್ಲಿಷಿನಲ್ಲೇ ಊಟ ಹೇಳಿದರು. ಬಡಿಸಲು ಬಂದಾಕೆ, ಹೊರದೇಶದಿಂದ ಓದಲು ಬಂದ ಹುಡುಗಿಯನ್ನು ಮನೆಯಲ್ಲಿ ಇಟ್ಟುಕೊಂಡಿದ್ದೀರಾ, ಎಷ್ಟು ಮುದ್ದಾಗಿದೆ ಅಂದಳಂತೆ. ಬೈಗುಳ ಅಲ್ಲ. ನಗುತ್ತಾ ಹೇಳಿದ ಮಾತು. ಹತ್ತು ವರ್ಷದ ನಂತರವೂ ಮರೆತಿಲ್ಲ.

ಹೊರದೇಶದಲ್ಲಿ ಮಕ್ಕಳನ್ನು ಬೆಳೆಸಿದ ಕನ್ನಡದ ಮನೆಗಳವರು ಇದನ್ನು ಓದಿದರೆ ಅವರಿಗೆ ಹೊಸದೇನೂ ಅನಿಸಲ್ಲ. ಅಮ್ಮ ಕನ್ನಡದಲ್ಲಿ ಕೇಳುತ್ತಾರೆ, ಮಗು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತೆ. ಟಿಫಿನ್ ಡಬ್ಬಿಗೆ ಚಿತ್ರಾನ್ನ ಬೇಡ, ಸ್ಯಾಂಡ್‌ವಿಚ್ ಹಾಕು ಅನ್ನುತ್ತೆ. ಅದರ ಹಿಂದೆ ಶಾಲೆಯಲ್ಲಿ ಯಾರೋ ಏನೋ ಅಂದಿರುತ್ತಾರೆ. ಮಗು ಅದನ್ನು ಮನೆಯಲ್ಲಿ ಹೇಳಿರಲ್ಲ.

ಲೇಖನದಲ್ಲಿ ಹೆಸರಿನ ಮಾತೂ ಬರುತ್ತೆ. ಅಪ್ಪ ಅಮ್ಮ ತಮ್ಮ ಹೆಸರು ಬಿಟ್ಟು ಟೋನಿ, ಕೇ ಅಂತ ಇಟ್ಟುಕೊಂಡರು, ಅಮೆರಿಕದವರಿಗೆ ಕರೆಯಲು ಸುಲಭ ಆಗಲಿ ಅಂತ. ಮಗಳು ಕೆಲ್ಲಿ ಆದರು. ವೂಕಿಪೀಡಿಯದಲ್ಲಿ ನುಗ್ಗಿದವರು ಕಿತ್ತುಹಾಕಿದ್ದು ಪಾತ್ರದ ಹೆಸರು ಮಾತ್ರ. ಈ ಮನೆಯಲ್ಲಿ ಹೆಸರು ಕಳೆದುಕೊಳ್ಳೋದು ಅದಕ್ಕಿಂತ ಎಷ್ಟೋ ಮುಂಚೆ ಶುರುವಾಗಿತ್ತು. ಲೇಖನದ ಕೊನೆಯಲ್ಲಿ ಅವರು ತಮ್ಮ ನಿಜವಾದ ಹೆಸರು ಹೇಳಿದರು, ಲೋವಾನ್. ನಾನು ಈಗಷ್ಟೇ ಶುರು ಮಾಡಿದ್ದೀನಿ ಅಂದರು.

ಗಮನಿಸಿ, ಆ ಲೇಖನದಲ್ಲಿ ಅಭಿಮಾನಿಗಳು ನನ್ನನ್ನು ಕಾಪಾಡಿದರು ಅನ್ನೋ ಮಾತಿಲ್ಲ. ಇರಬೇಕು ಅಂತಲೂ ನಾನು ಅನ್ನಲ್ಲ. ಕೆಲ್ಲಿ ಚೇತರಿಸಿಕೊಂಡಿದ್ದು ಇಂಟರ್ನೆಟ್‌ನಿಂದ ದೂರ ಹೋಗಿ, ತಮ್ಮ ಹತ್ತಿರದವರ ಜೊತೆ ಇದ್ದು, ಥೆರಪಿ ತೆಗೆದುಕೊಂಡು. ಚಿತ್ರ ಬರೆದವರು ಮಾಡಿದ್ದು ಬೇರೆ ಕೆಲಸ. ಕೆಲ್ಲಿ ಹೊರಗೆ ಬರುವಾಗ ಆ ಅಂಗಳ ಖಾಲಿ ಇರದ ಹಾಗೆ ನೋಡಿಕೊಂಡರು.

ಚಿಕಾಗೋ

2019ರ ಏಪ್ರಿಲ್‌ನಲ್ಲಿ ಚಿಕಾಗೋದಲ್ಲಿ ಸ್ಟಾರ್ ವಾರ್ಸ್ ಸೆಲೆಬ್ರೇಷನ್ ಅನ್ನೋ ದೊಡ್ಡ ಅಭಿಮಾನಿ ಸಮ್ಮೇಳನ ನಡೆಯಿತು. ಮುಂದಿನ ಸಿನಿಮಾದ ತಂಡ ವೇದಿಕೆಗೆ ಬಂತು. ಕೆಲ್ಲಿ ಬಂದಾಗ ಸಭೆಗೆ ಸಭೆಯೇ ಎದ್ದು ನಿಂತಿತು. ಚಪ್ಪಾಳೆ ನಿಲ್ಲಲಿಲ್ಲ. ಅವರ ಹೆಸರು ಕೂಗಿದರು. ಅವರ ಕಣ್ಣು ತುಂಬಿ ಬಂತು. ಅದರ ವಿಡಿಯೋ ನೋಡಿದಾಗಲೆಲ್ಲ ನನಗೂ ತುಂಬಿ ಬರುತ್ತೆ.

ಅದೇ ಸಮ್ಮೇಳನದಲ್ಲಿ ಇನ್ನೊಬ್ಬರಿಗೂ ಜನ ಎದ್ದು ನಿಂತರು. ಅಹ್ಮದ್ ಬೆಸ್ಟ್. 1999ರ 'ದ ಫ್ಯಾಂಟಮ್ ಮೆನೇಸ್'ನಲ್ಲಿ ಜಾರ್ ಜಾರ್ ಬಿಂಕ್ಸ್ ಅನ್ನೋ ಪಾತ್ರ ಮಾಡಿದ ಕಪ್ಪು ಕಲಾವಿದ. ಆ ಪಾತ್ರವನ್ನು ಆಗ ಜನ ಎಷ್ಟು ದ್ವೇಷಿಸಿದರು ಅಂದರೆ, ಅದನ್ನು ಬರೆದವರಿಗಿಂತ ಜಾಸ್ತಿ ಏಟು ಈ ಯುವಕನಿಗೆ ಬಿತ್ತು. ಕೆಲ್ಲಿ ಪುಟ ಅಳಿಸಿದ ಮುಂದಿನ ತಿಂಗಳು, 2018ರ ಜುಲೈನಲ್ಲಿ, ಅವರು ಬ್ರೂಕ್ಲಿನ್ ಸೇತುವೆ ಮೇಲೆ ಮಗನ ಜೊತೆ ನಿಂತ ಒಂದು ಫೋಟೋ ಹಾಕಿದರು. ಆ ಟೀಕೆಯ ದಿನಗಳಲ್ಲಿ ಜೀವ ಕಳೆದುಕೊಳ್ಳಲು ಹೋಗಿದ್ದ ಜಾಗ ಇದು ಅಂತ ಬರೆದರು. ಆ ದಿನಗಳಲ್ಲಿ ಹ್ಯಾಶ್‌ಟ್ಯಾಗ್ ಇರಲಿಲ್ಲ, ರೋಸ್‌ಗೆ ಆದ ಹಾಗೆ ವೇಷ ಹಾಕಿ ಸಾಲಾಗಿ ನಿಂತವರೂ ಇರಲಿಲ್ಲ. ಚಿಕಾಗೋದ ಚಪ್ಪಾಳೆ ಅವರಿಗೆ ಸಿಕ್ಕಿದ್ದು 20 ವರ್ಷದ ಮೇಲೆ. 2023ರಲ್ಲಿ 'ದ ಮ್ಯಾಂಡಲೋರಿಯನ್' ಸರಣಿಯಲ್ಲಿ ಅವರು ಮತ್ತೆ ತೆರೆಗೆ ಬಂದರು, ಈ ಸಲ ಒಂದು ಮಗುವನ್ನು ಕಾಪಾಡುವ ಜೆಡೈ ಯೋಧನಾಗಿ.

ಅಭಿಮಾನಿಗಳ ಕೈಯಲ್ಲಿ ಇಲ್ಲದ್ದು

2019ರ ಡಿಸೆಂಬರ್ 20ರಂದು 'ದ ರೈಸ್ ಆಫ್ ಸ್ಕೈವಾಕರ್' ಬಂತು. ಜೆ. ಜೆ. ಏಬ್ರಮ್ಸ್ ನಿರ್ದೇಶನ. ಎರಡು ಗಂಟೆ 22 ನಿಮಿಷದ ಸಿನಿಮಾ. ರೋಸ್ ಕಾಣಿಸಿಕೊಂಡಿದ್ದನ್ನು ಗಡಿಯಾರ ಹಿಡಿದು ಲೆಕ್ಕ ಹಾಕಿದರು. 76 ಸೆಕೆಂಡ್. ಹಿಂದಿನ ಸಿನಿಮಾದಲ್ಲಿ ಹತ್ತು ನಿಮಿಷಕ್ಕೂ ಜಾಸ್ತಿ ಇದ್ದವಳು.

ಚಿತ್ರಕತೆ ಬರೆದವರಲ್ಲಿ ಒಬ್ಬರಾದ ಕ್ರಿಸ್ ಟೆರಿಯೋ ಕಾರಣ ಕೊಟ್ಟರು. ಬಂಡುಕೋರರ ನಾಯಕಿ ಲೇಯಾ ಪಾತ್ರದ ಕ್ಯಾರಿ ಫಿಶರ್ 2016ರಲ್ಲಿ ತೀರಿಕೊಂಡಿದ್ದರು. ಅವರ ಹಳೆಯ, ಬಳಸದೇ ಉಳಿದ ದೃಶ್ಯಗಳನ್ನು ಜೋಡಿಸಿ ಲೇಯಾ ಪಾತ್ರ ಕಟ್ಟಿದ್ದರು. ರೋಸ್‌ಳನ್ನು ಲೇಯಾ ಜೊತೆ ನೆಲೆಯಲ್ಲೇ ಇಟ್ಟಿದ್ದರು, ಆ ಜೋಡಣೆ ಕೆಲವು ಕಡೆ ಸರಿ ಬರಲಿಲ್ಲ, ಹಾಗಾಗಿ ಕೈಬಿಟ್ಟೆವು ಅಂತ. ಇದು ನಿಜವೇ ಇರಬಹುದು. ಆದರೆ ಅವಳನ್ನು ನೆಲೆಯಲ್ಲೇ ಬಿಟ್ಟು ಉಳಿದವರನ್ನೆಲ್ಲ ಕತೆಯ ಒಳಗೆ ಕಳಿಸಿದ್ದೂ ಒಂದು ತೀರ್ಮಾನವೇ. ಒಂದೂವರೆ ವರ್ಷ ಅವಳ ಪರ ನಿಂತವರಿಗೆ ಆ 76 ಸೆಕೆಂಡ್ ಹೇಗೆ ಕಂಡಿತು ಅಂತ ಬಿಡಿಸಿ ಹೇಳಬೇಕಿಲ್ಲ. ರೋಸ್‌ಗೆ ಇದಕ್ಕಿಂತ ಒಳ್ಳೆಯದು ಸಿಗಬೇಕಿತ್ತು ಅನ್ನೋ ಹೊಸ ಹ್ಯಾಶ್‌ಟ್ಯಾಗ್ ಎದ್ದಿತು. 'ಕ್ರೇಜಿ ರಿಚ್ ಏಷ್ಯನ್ಸ್' ನಿರ್ದೇಶಕ ಜಾನ್ ಎಂ. ಚು, ರೋಸ್ ಮೇಲೆ ಒಂದು ಸರಣಿ ಮಾಡಲು ನಾನು ತಯಾರು ಅಂತ ಬಹಿರಂಗವಾಗಿ ಬರೆದರು. ಆ ಸರಣಿ ಬರಲಿಲ್ಲ.

ಮುಂದಿನ ವರ್ಷ ಬೊಯೆಗಾ ಒಂದು ಸಂದರ್ಶನದಲ್ಲಿ ಇದನ್ನು ನೇರವಾಗಿ ಸ್ಟುಡಿಯೋ ಬಾಗಿಲಿಗೇ ಒಯ್ದರು. ಬಿಳಿಯ ನಟರ ಪಾತ್ರಗಳನ್ನು ಹೇಗೆ ಬೆಳೆಸಬೇಕು ಅಂತ ನಿಮಗೆ ಗೊತ್ತಿತ್ತು, ಕೆಲ್ಲಿ ಮತ್ತು ನನ್ನ ವಿಷಯಕ್ಕೆ ಬಂದಾಗ ಏನೂ ಗೊತ್ತಿರಲಿಲ್ಲ ಅಂದರು. ಬಿಳಿಯೇತರ ನಟರ ಪಾತ್ರವನ್ನು ಪ್ರಚಾರದಲ್ಲಿ ದೊಡ್ಡದಾಗಿ ತೋರಿಸಿ ಕತೆಯಲ್ಲಿ ಪಕ್ಕಕ್ಕೆ ತಳ್ಳಬೇಡಿ ಅನ್ನೋದು ಅವರ ದೂರು. ನಾನು ಇದನ್ನು ಪೂರ್ತಿ ಒಪ್ಪುತ್ತೇನೆ. ಅಭಿಮಾನಿಗಳು ಸಭಾಂಗಣ ತುಂಬಬಹುದು, ಕತೆ ಬರೆಯುವ ಕೋಣೆಗೆ ಅವರಿಗೆ ಪ್ರವೇಶ ಇಲ್ಲ. ಆ ಕೋಣೆಯಲ್ಲಿ ಇರುವವರು ಮಾಡಬೇಕಾದ ಕೆಲಸವನ್ನು ಚಪ್ಪಾಳೆಯಿಂದ ತುಂಬಿಸಲು ಆಗಲ್ಲ.

ಕೆಲ್ಲಿಗೆ ಬೇರೆ ಕೆಲಸಗಳು ಬಂದವು. 2021ರ ಮಾರ್ಚ್‌ನಲ್ಲಿ ಡಿಸ್ನಿಯ 'ರಾಯಾ ಆ್ಯಂಡ್ ದ ಲಾಸ್ಟ್ ಡ್ರ್ಯಾಗನ್' ಬಂದಾಗ ರಾಯಾ ಧ್ವನಿ ಅವರದೇ. ಆಗ್ನೇಯ ಏಷ್ಯಾದ ಮಣ್ಣಿಂದ ಕಟ್ಟಿದ ಡಿಸ್ನಿಯ ಮೊದಲ ನಾಯಕಿ ಅದು.

ನಾಲ್ಕು ವರ್ಷದ ನಂತರ

2022ರ ಮೇ 27ರಂದು ಸ್ಟಾರ್ ವಾರ್ಸ್ ಲೋಕದ್ದೇ ಆದ 'ಓಬಿ-ವಾನ್ ಕೆನೋಬಿ' ಸರಣಿ ಶುರುವಾಯಿತು. ರೀವಾ ಅನ್ನೋ ಪಾತ್ರ ಮಾಡಿದ್ದು ಮೋಸೆಸ್ ಇಂಗ್ರಾಂ. ಅಮೆರಿಕದ ಕಪ್ಪು ನಟಿ. ಇಂಥದ್ದು ಬರುತ್ತೆ ಅಂತ ಸ್ಟುಡಿಯೋದವರು ಅವರಿಗೆ ಮುಂಚೆಯೇ ಎಚ್ಚರ ಹೇಳಿದ್ದರಂತೆ. ಹೇಳಿದ ಹಾಗೇ ನೂರಾರು ದ್ವೇಷದ ಸಂದೇಶ ಬಂದವು.

ಈ ಸಲ ಆರು ತಿಂಗಳು ಹಿಡಿಯಲಿಲ್ಲ. ಒಂದು ವಾರದೊಳಗೆ ಸ್ಟಾರ್ ವಾರ್ಸ್‌ನ ಅಧಿಕೃತ ಖಾತೆಯಿಂದಲೇ ಮಾತು ಬಂತು. ಈ ಲೋಕದಲ್ಲಿ ಎರಡು ಕೋಟಿಗೂ ಹೆಚ್ಚು ಬಗೆಯ ಜೀವಿಗಳಿವೆ, ನೀವು ಜನಾಂಗದ್ವೇಷಿ ಆಗೋದನ್ನು ಆರಿಸಿಕೊಳ್ಳಬೇಡಿ ಅಂತ. ಸರಣಿಯ ನಾಯಕ ಯೂವನ್ ಮ್ಯಾಕ್‌ಗ್ರೆಗರ್ ಕ್ಯಾಮೆರಾ ಮುಂದೆ ಕೂತು, ಅವರಿಗೆ ಬೈದಿದ್ದರೆ ನೀವು ಸ್ಟಾರ್ ವಾರ್ಸ್ ಅಭಿಮಾನಿಯೇ ಅಲ್ಲ ಅಂದರು. 2018ರಲ್ಲಿ ಹೆಚ್ಚಿನ ಭಾರ ನಿರ್ದೇಶಕರು, ಸಹನಟರು, ಅಭಿಮಾನಿಗಳ ಹೆಗಲ ಮೇಲೇ ಇತ್ತು.

ಇಂಗ್ರಾಂ ಆ ಸಂದೇಶಗಳನ್ನು ತಾವೇ ತೋರಿಸಿ ಒಂದು ವಿಡಿಯೋ ಮಾಡಿದರು. ಇದನ್ನು ನಿಲ್ಲಿಸಲು ಯಾರಿಂದಲೂ ಆಗಲ್ಲ ಅಂತ ಗೊತ್ತು ಅಂದರು. ಬಾಯಿ ಮುಚ್ಚಿಕೊಂಡು, ನಗುತ್ತಾ ಸಹಿಸಿಕೊಳ್ಳಬೇಕು ಅಂತ ಒಳಗೊಳಗೇ ಅನಿಸುತ್ತಲ್ಲ, ಅದೇ ನನ್ನನ್ನು ಕಾಡೋದು, ನಾನು ಅಂಥವಳಲ್ಲ ಅಂದರು. ಆಮೇಲೆ ಥ್ಯಾಂಕ್ಸ್ ಹೇಳಿದರು. ನಾನು ಕಾಲಿಡದ ಜಾಗಗಳಲ್ಲಿ, ಆ ಕಾಮೆಂಟ್‌ಗಳ ಮಧ್ಯೆ, ನನ್ನ ಪರವಾಗಿ ಬಂದು ನಿಲ್ಲುತ್ತಿರುವವರಿಗೆ.